ಹಾಸು ಕೆಡಿಸುವ ಹಕ್ಕು

ಪುಣೆಯ ಕಲಾವಲಯದಲ್ಲಿ ಕೆಲವು ವರ್ಷಗಳಿಂದ ಒಂದು ಮಾತು ಮಂತ್ರದ ಹಾಗೆ ಓಡಾಡುತ್ತಿದೆ. ಕೈಮಗ್ಗ ಉಳಿಯಬೇಕಾದರೆ ಅದು ಕಲೆಯಾಗಬೇಕು. ಬಟ್ಟೆ ಮೈಯಿಂದ ಇಳಿದು ಗೋಡೆಗೆ ಏರಬೇಕು. ಸೀರೆ, ಕುಪ್ಪಸ, ಧೋತರಗಳ ಕಾಲ ತೀರಿತು, ಇನ್ನೇನಿದ್ದರೂ ಚೌಕಟ್ಟು, ತೂಗುಪಟ, ಇನ್‌ಸ್ಟಲೇಷನ್. ಪ್ರದರ್ಶನದ ಉದ್ಘಾಟನೆಗೆ ಹೋದರೆ ಇದೇ ಭಾಷಣ. ಡಿಸೈನ್ ಕಾಲೇಜಿನ ವಾರ್ಷಿಕ ಸಂಚಿಕೆ ತೆರೆದರೆ ಇದೇ ಮುನ್ನುಡಿ. ಬೂಟಿಕ್ಕಿನ ಬೆಲೆಚೀಟಿ ಮಗುಚಿದರೂ ಸಾಯುತ್ತಿರುವ ಪರಂಪರೆಗೆ ಸಮಕಾಲೀನ ಸ್ಪರ್ಶ ಎಂಬ ಧಾಟಿಯ ಒಂದು ಸಾಲು ಅಲ್ಲಿ ಕಾದು ಕೂತಿರುತ್ತದೆ. ಇದರೊಳಗಿನ ಲೆಕ್ಕ ಸರಳ: ನೇಕಾರ ಕೈ ಕೊಡುತ್ತಾನೆ, ಕಲಾವಿದ ತಲೆ ಕೊಡುತ್ತಾನೆ. ನೇಕಾರ ಅಜ್ಜನ ಕಾಲದ್ದನ್ನೇ ಮತ್ತೆ ಮತ್ತೆ ನೇಯುತ್ತಾನೆ, ಕಲಾವಿದ ಅದನ್ನು ಇಂದಿಗೆ ತಂದು ನಿಲ್ಲಿಸುತ್ತಾನೆ.

ಈ ಮಾತನ್ನು ಆಡುವವರು ಕೆಟ್ಟವರಲ್ಲ. ಕೈಮಗ್ಗದ ಬಗ್ಗೆ ಕಕ್ಕುಲಾತಿ ಇರುವವರೇ ಹೆಚ್ಚು. ಆದ್ದರಿಂದಲೇ ಇದನ್ನು ಎದುರಿಸುವುದು ಕಷ್ಟ. ಎದುರಿಸಿದರೆ ನೇಕಾರನ ಹೊಟ್ಟೆಯ ಮೇಲೆ ಹೊಡೆದ ಅಪವಾದ ಬರುತ್ತದೆ. ಆದರೂ ಹೇಳಬೇಕು. ಈ ವಾದ ನೇಕಾರಿಕೆಯನ್ನು ತಪ್ಪಾಗಿ ಅರ್ಥಮಾಡಿಕೊಂಡಿದೆ, ಮತ್ತು ಆ ತಪ್ಪಿನಿಂದ ಲಾಭ ಪಡೆಯುವವರು ಯಾರು ಎಂಬುದನ್ನು ಮರೆಮಾಚಿದೆ.

ಪುಣೆಯನ್ನೇ ಉದಾಹರಣೆಗೆ ಎತ್ತಿಕೊಳ್ಳುತ್ತೇನೆ. ಇಲ್ಲಿ ಈ ವಾದಕ್ಕೆ ಕಚ್ಚಾಮಾಲು ಒದಗಿಸುತ್ತಿರುವುದು ಬಹುಮಟ್ಟಿಗೆ ನಮ್ಮ ಬಾಗಲಕೋಟೆ ಜಿಲ್ಲೆ. ಗುಳೇದಗುಡ್ಡದ ಕುಪ್ಪಸದ ಖಣ, ಇಳಕಲ್ಲಿನ ಸೀರೆ ಇವೆರಡೂ ತಲೆಮಾರುಗಳಿಂದ ಮರಾಠಿ ಹೆಣ್ಣುಮಕ್ಕಳ ಬದುಕಿನ ಭಾಗ. ಲಕ್ಷ್ಮೀ ರಸ್ತೆಯ ಅಂಗಡಿಗಳಲ್ಲಿ 'ಇರಕಲ್' ಅಂದರೆ ಸಾಕು, ಗಲ್ಲೆಯ ಮೇಲೆ ಕೂತವರು ಎದ್ದು ಕೆಂಪು ಸೆರಗಿನ ಮಡಿಕೆ ಬಿಚ್ಚುತ್ತಾರೆ. ಮಡಿಲು ತುಂಬುವುದಕ್ಕೆ ಮರಾಠಿಯಲ್ಲಿ ಓಟಿ, ನಮ್ಮಲ್ಲಿ ಉಡಿ. ಎರಡರಲ್ಲೂ ಖಣ ಮತ್ತು ತೆಂಗಿನಕಾಯಿ ಇಲ್ಲದೆ ಶಾಸ್ತ್ರ ಮುಗಿಯುವುದಿಲ್ಲ. ಬನಶಂಕರಿಗೂ ಅದೇ, ಯಲ್ಲಮ್ಮನಿಗೂ ಅದೇ, ತುಳಜಾಭವಾನಿಗೂ ಅದೇ. ಮ್ಯಾಚಿಂಗ್ ಬ್ಲೌಸಿನ ಕಾಲ ಬಂದು ಖಣದ ಕುಪ್ಪಸ ಮೂಲೆ ಸೇರಿದ ಮೇಲೂ ದೇವಿಯ ಉಡಿ ಮಾತ್ರ ಅದನ್ನು ಬಿಡಲಿಲ್ಲ. ಈಗ ಅದೇ ಖಣ ಗಣೇಶ ಹಬ್ಬದ ಮಖರಕ್ಕೆ, ದಿಂಬಿಗೆ, ಲ್ಯಾಂಪ್‌ಶೇಡಿಗೆ, ತೋರಣಕ್ಕೆ, ಕೊನೆಗೆ ಗ್ಯಾಲರಿಯ ಗೋಡೆಗೆ ಬಂದಿದೆ. ಗೋಡೆಗೆ ಬಂದಾಗ ಪಕ್ಕದ ಚೀಟಿಯಲ್ಲಿ ಇರುವುದು ಕಲಾವಿದರ ಹೆಸರು, ವರ್ಷ, ಅಳತೆ, 'ಕೈಮಗ್ಗದ ಬಟ್ಟೆ ಮತ್ತು ಮಿಶ್ರ ಮಾಧ್ಯಮ'. ಬಣ್ಣದ ಟ್ಯೂಬು ಮಾಡಿದ ಕಂಪನಿಗೆ ಸಿಗುವ ಸ್ಥಾನವೇ ನೇಕಾರನಿಗೂ. ಮಾಧ್ಯಮ ಎಂದರೆ ಅದೇ ತಾನೇ?

ಇರಲಿ, ಹೆಸರಿನ ವಿಷಯ ಆಮೇಲೆ. ಮೊದಲು 'ಕೈ ಮತ್ತು ತಲೆ' ಎಂಬ ಹಂಚಿಕೆಯನ್ನು ನೋಡೋಣ.

2023ರ ಡಿಸೆಂಬರಿನಲ್ಲಿ ಪುಣೆಯಲ್ಲಿ ದೊಡ್ಡದೊಂದು ಅಭಿಯಾನ ನಡೆಯಿತು. ಅಯೋಧ್ಯೆಯ ರಾಮಲಲ್ಲಾನಿಗೆ ವಸ್ತ್ರ ನೇಯಲು ಮಗ್ಗಗಳನ್ನು ಹೂಡಿ, ಬಂದವರೆಲ್ಲ ಎರಡೆರಡು ಎಳೆ ನೇಯಲಿ ಎಂದು ಕರೆದಿದ್ದರು. ಲಕ್ಷಾಂತರ ಜನ ಸರದಿಯಲ್ಲಿ ನಿಂತರು. ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಮಗ್ಗವನ್ನು ಹುಟ್ಟಿದಾರಭ್ಯ ಮುಟ್ಟದವರು ಅಂದು ಮುಟ್ಟಿದರು, ಅದೂ ಒಳ್ಳೆಯದೇ. ಆದರೆ ಆ ಎರಡು ಎಳೆಗಳು ಸಾಧ್ಯವಾದದ್ದು ಹೇಗೆ? ಅಷ್ಟು ಹೊತ್ತಿಗೆ ಬೇರೆ ಯಾರೋ ನೂಲು ಸುತ್ತಿ, ಎಳೆ ಎಣಿಸಿ, ಉದ್ದೆಳೆಗಳ ಹಾಸು ಹೂಡಿ, ಒಂದೊಂದೇ ಎಳೆಯನ್ನು ಅಚ್ಚಿನ ಸಂದಿಯಲ್ಲಿ ಪೋಣಿಸಿ, ಬಿಗಿ ನೋಡಿ ಮುಗಿಸಿದ್ದರು. ಲಾಳಿ ಎಸೆಯುವುದು ನೇಕಾರಿಕೆಯಲ್ಲಿ ಕಣ್ಣಿಗೆ ಬೀಳುವ ಕೆಲಸ. ಅದು ಕೊನೆಯ ಕೆಲಸವೂ ಹೌದು. ನಿರ್ಧಾರಗಳೆಲ್ಲ ಅದಕ್ಕೂ ಮೊದಲೇ ಹಾಸಿನಲ್ಲಿ ಆಗಿಹೋಗಿರುತ್ತವೆ. ಮಗ್ಗದ ಮುಂದೆ ನಿಂತು ಟಕ್-ಟಕ್ ಸದ್ದು ಕೇಳಿ, ವಿಡಿಯೊ ಮಾಡಿಕೊಂಡು ಬರುವ ಕಲಾರಸಿಕರು ಇದನ್ನೇ ಇಡೀ ನೇಕಾರಿಕೆ ಎಂದುಕೊಳ್ಳುತ್ತಾರೆ. ಆಗ ನೇಕಾರ ಒಂದೇ ಕೆಲಸವನ್ನು ಸಾವಿರ ಸಲ ಮಾಡುವ ಕೈಯಾಗಿ ಕಂಡರೆ ಆಶ್ಚರ್ಯವೇನು?

ಇಳಕಲ್ ಸೀರೆಯ ಒಳಗನ್ನು ನೋಡಿ. ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಡಲಿಗೆ ಸಾಮಾನ್ಯವಾಗಿ ಹತ್ತಿ, ಸೆರಗಿಗೆ ರೇಷ್ಮೆ ಅಥವಾ ಆರ್ಟ್ ಸಿಲ್ಕ್. ಈ ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ತೋಪ ತೆನಿ ಎಂದು ಹೆಸರು. ಇಲ್ಲಿಯ ಸೂಕ್ಷ್ಮ ಏನೆಂದರೆ, ಈ ಕೂಡಿಕೆಯಿಂದಾಗಿ ಉದ್ದನೆಯ ಒಂದೇ ಹಾಸು ಹೂಡಿ ಹತ್ತಾರು ಸೀರೆ ಎಳೆದು ತೆಗೆಯಲಾಗುವುದಿಲ್ಲ. ಒಂದೊಂದು ಸೀರೆಗೂ ಅದರದೇ ಹಾಸು ಬೇಕು, ಆರು ಗಜದ್ದಾದರೆ ಆರಕ್ಕೆ, ಒಂಬತ್ತರದ್ದಾದರೆ ಒಂಬತ್ತಕ್ಕೆ. ದಡಿಯ ಬಣ್ಣ ಒಡಲಿಗೆ ಸೋರದ ಹಾಗೆ ಮೂರು ಲಾಳಿ ಆಡಿಸಿ, ಹೊಕ್ಕಿಗೆ ಹೊಕ್ಕು ಸಿಕ್ಕಿಸಿ ನೇಯುತ್ತಾರೆ, ಅದು ಕೊಂಡಿ. ದಡಿಯಲ್ಲಿ ಚಿಕ್ಕಿ, ಗೋಮಿ, ಗಾಡಿ. ಸೆರಗಿನಲ್ಲಿ ಹಣಿಗೆ, ಕೋಟಿ ಕಮ್ಮಲಿ, ರಂಪ, ಜೋಳದ ತೆನೆ. ಇಷ್ಟನ್ನೂ ಮಗ್ಗಕ್ಕೆ ಕೂರುವ ಮೊದಲು ಲೆಕ್ಕ ಹಾಕಿರಬೇಕು. ಇದು ಕೈಯ ಕೆಲಸ ಮಾತ್ರ ಎಂದು ಹೇಳುವವರು ಒಮ್ಮೆ ಸೆರಗಿನ ಕೂಡಿಕೆಯನ್ನು ತಿರುವಿ ನೋಡಲಿ.

ಖಣದಲ್ಲಿ ಈ ತಲೆಕೆಲಸ ಇನ್ನೂ ನಿಚ್ಚಳ. ಖಣದ ಹೂವು ಮೂಡುವುದು ಹೆಚ್ಚಿನ ಹಾಸಿನೆಳೆಗಳಿಂದ. ಎಂದರೆ ಸೂಜಿಮಲ್ಲಿಗೆಯೋ, ತೇರೋ, ಆನೆ ಹೆಜ್ಜೆಯೋ, ಸೀತಾಫಲವೋ, ಸಿದ್ಧೇಶ್ವರನ ಮುಖವೋ, ಯಾವ ಎಳೆ ಯಾವಾಗ ಏಳಬೇಕು, ಯಾವುದು ತಗ್ಗಬೇಕು ಎಂಬುದನ್ನು ಯಾರೋ ಒಬ್ಬರು ಮೊದಲೇ ಕಂಡಿರಬೇಕು, ಅದೂ ಇನ್ನೂ ಇಲ್ಲದ ಬಟ್ಟೆಯಲ್ಲಿ. ಕಾಗದದ ಮೇಲೆ ಹೂವಿನ ಚಿತ್ರ ಬರೆಯುವವರಿಗೆ ತಪ್ಪಿದರೆ ಒರೆಸುವ ಸೌಕರ್ಯವಿದೆ. ಇಲ್ಲಿ ಅದಿಲ್ಲ. ಕಣ್ಣಿನ ಆಟ, ಗಣಿತ, ನೂಲಿನ ಗುಣದ ಅರಿವು ಮೂರೂ ಸೇರಿದ ಈ ಬುದ್ಧಿಗೆ ನಾವು 'ಕೌಶಲ' ಎಂಬ ಚಿಕ್ಕ ಪೆಟ್ಟಿಗೆ ಕೊಟ್ಟು, 'ಕಲ್ಪನೆ' ಎಂಬ ದೊಡ್ಡ ಪೆಟ್ಟಿಗೆಯನ್ನು ಬೇರೆಯವರಿಗೆ ಎತ್ತಿಟ್ಟಿದ್ದೇವೆ. ಕನ್ನಡಿಗರಂತೂ ಹೀಗೆ ಮಾಡಬಾರದಿತ್ತು. ವಚನಕಾರರಲ್ಲಿ ಎಲ್ಲರಿಗಿಂತ ಹಿರಿಯ ಎಂದು ನಾವು ಹೇಳಿಕೊಳ್ಳುವ ಮುದನೂರಿನ ಜೇಡರ ದಾಸಿಮಯ್ಯ ನೇಕಾರ.

ಎರಡನೆಯ ಆರೋಪ ಹೆಚ್ಚು ಗಟ್ಟಿಯದು: ಪರಂಪರೆ ನಿಂತ ನೀರು, ಅದನ್ನು ಹರಿಯಿಸಲು ಹೊರಗಿನ ಕಲಾವಿದ ಬೇಕು. ನಿಜವೇ? ಇಳಕಲ್ಲಿನವರು ಒಂಬತ್ತು ಗಜವನ್ನು ಆರಕ್ಕೆ ಇಳಿಸಿದರು. ಉಡುವವರ ಬದುಕು ಬದಲಾಗಿತ್ತು. ಶುದ್ಧ ರೇಷ್ಮೆ ಕೈಗೆ ಎಟುಕದಾದಾಗ ಆರ್ಟ್ ಸಿಲ್ಕ್ ತಂದರು. ರಾಸಾಯನಿಕ ಬಣ್ಣ ಬಂದಾಗ ಅದರ ಗುಣ-ದೋಷ ಅರಗಿಸಿಕೊಂಡರು. ಗಾಯತ್ರಿ ದಡಿ ಎಂಬ ಅಗಲ ಅಂಚು ಈಚಿನದು. ಇವೆಲ್ಲ ಬದಲಾವಣೆಗಳಲ್ಲವೇ? ಹೌದು. ಆದರೆ ಇವುಗಳ ಬಗ್ಗೆ ನಮ್ಮ ಕಲಾಪ್ರಿಯರು ಬಳಸುವ ಭಾಷೆ ಗಮನಿಸಿ. ನೇಕಾರ ನೂಲು ಬದಲಿಸಿದರೆ 'ಗುಣಮಟ್ಟ ಕುಸಿಯಿತು'. ಬಣ್ಣ ಬದಲಿಸಿದರೆ 'ಸೊಗಡು ಹೋಯಿತು'. ಅಳತೆ ಬದಲಿಸಿದರೆ 'ಮಾರುಕಟ್ಟೆಗೆ ಶರಣಾದ'. ಇವೇ ಮೂರನ್ನು ಡಿಸೈನರ್ ಮಾಡಿದರೆ ಹೊಸ ಪ್ರಯೋಗ, ದಿಟ್ಟ ಹೆಜ್ಜೆ, ಪರಂಪರೆಯೊಂದಿಗೆ ಸಂವಾದ.

2024ರ ವೆನಿಸ್ ಬಿಯೆನಾಲೆಯಲ್ಲಿ ಅತ್ಯುತ್ತಮ ಕಲಾವಿದರಿಗೆ ಕೊಡುವ ಚಿನ್ನದ ಸಿಂಹ ಪ್ರಶಸ್ತಿ ನ್ಯೂಜಿಲೆಂಡಿನ ಮಾತಾಹೊ ಕಲೆಕ್ಟಿವ್‌ಗೆ ಬಂತು. ನಾಲ್ವರು ಮಾವೋರಿ ಹೆಣ್ಣುಮಕ್ಕಳ ಬಳಗ ಅದು. ಹೆರಿಗೆಯಂಥ ಸಂದರ್ಭಗಳಿಗೆ ಹಾಸುವ ಮಾವೋರಿ ಚಾಪೆಯ ಹೆಣಿಗೆಯನ್ನು ಆಧರಿಸಿದ 'ತಕಪೌ' ಎಂಬ ಬೃಹತ್ ಕೃತಿ. ಹೆಣೆದದ್ದು ನಾರಿನಿಂದಲ್ಲ, ಲಾರಿಯ ಸರಕು ಬಿಗಿಯುವ ಕೃತಕ ನೂಲಿನ ಪಟ್ಟಿಗಳಿಂದ. ಜಗತ್ತು ಚಪ್ಪಾಳೆ ತಟ್ಟಿತು, ತಟ್ಟಬೇಕಾದದ್ದೇ. ಅವರ ಪಟ್ಟಿ ಕೃತಕ ನೂಲಿನದ್ದು, ನಮ್ಮ ನೇಕಾರನ ಆರ್ಟ್ ಸಿಲ್ಕೂ ಕೃತಕ ನೂಲೇ. ಅವರದ್ದು ಅರ್ಥಪೂರ್ಣ ಆಯ್ಕೆಯಾಯಿತು, ಇವನದ್ದು ಕಲಬೆರಕೆಯಾಯಿತು. ಆರ್ಟ್ ಸಿಲ್ಕನ್ನು ರೇಷ್ಮೆ ಎಂದು ಹೇಳಿ ಮಾರಿದರೆ ಮೋಸ, ಆ ಮಾತು ಬೇರೆ. ನಾನು ಕೇಳುತ್ತಿರುವುದು ಆಯ್ಕೆ ಎಂಬ ಮರ್ಯಾದೆಯ ಬಗ್ಗೆ. ಮಾತಾಹೊ ಬಳಗದ ಗೆಲುವಿನಲ್ಲಿ ನಮ್ಮವರು ಓದಿಕೊಳ್ಳದ ಪಾಠ ಒಂದಿದೆ: ಅಲ್ಲಿ ಬದಲಾವಣೆ ಮಾಡಿದವರು ಆ ಹೆಣಿಗೆಯ ವಾರಸುದಾರರೇ, ಪ್ರಶಸ್ತಿ ಹೋದದ್ದೂ ಅವರಿಗೇ. ಮಧ್ಯೆ ಇನ್ನೊಬ್ಬರು ನಿಂತು ಅವರನ್ನು 'ಸಮಕಾಲೀನ'ಗೊಳಿಸಲಿಲ್ಲ.

ಕೂತು ಕೆಲಸ ಮಾಡುವವನೇ ಸಾಧನ ಬದಲಿಸುತ್ತಾನೆ ಎಂಬುದಕ್ಕೆ ಪುಣೆಯಲ್ಲೇ ಸಾಕ್ಷಿ ಇದೆ. ಗಾಂಧೀಜಿ ಯರವಡಾ ಜೈಲಿನಲ್ಲಿ ಮಡಚಿ ಪೆಟ್ಟಿಗೆಯಲ್ಲಿ ಇಡಬಹುದಾದ ಚರಕವನ್ನು ರೂಪಿಸಿದರು. ಯರವಡಾ ಚರಕ ಎಂದೇ ಅದಕ್ಕೆ ಹೆಸರಾಯಿತು. ಅವರು ನೂಲುವವರಾಗಿದ್ದರು, ತೊಡಕು ಎಲ್ಲಿದೆ ಎಂದು ಬೆರಳಿಗೆ ಗೊತ್ತಿತ್ತು. ಚರಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೆಳಕು ಬಿಡುವ ಆಲೋಚನೆ ಆಮೇಲಿನವರದು.

ಗಾಜಿನ ಪೆಟ್ಟಿಗೆ ಅಂದ ಮೇಲೆ ಇನ್ನೊಂದು ಪಂಗಡದ ಬಗ್ಗೆಯೂ ಹೇಳಬೇಕು. ಮೇಲಿನವರಿಗೆ ವಿರೋಧಿಗಳಂತೆ ಕಾಣುವ, ಆದರೆ ಅವರ ಜೋಡಿಗಾಲಿನಂತಿರುವ ಶುದ್ಧಪಂಥದವರು ಇವರು. ಪುಣೆಯ ರಾಜಾ ದಿನಕರ ಕೇಳಕರ ಮ್ಯೂಸಿಯಂಗೆ ಹೋದವರಿಗೆ ಗೊತ್ತು: ತೀರಿಕೊಂಡ ಮಗ ರಾಜಾನ ನೆನಪಿಗೆ ಒಬ್ಬ ತಂದೆ ಜೀವಮಾನವಿಡೀ ಕೂಡಿಸಿದ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಸ್ತುಗಳು ಅಲ್ಲಿವೆ. ದೀಪ, ಅಡಕತ್ತರಿ, ಬಾಚಣಿಗೆ, ಬಾಗಿಲು, ಬಟ್ಟೆ. ಆ ಮನುಷ್ಯ ದೊಡ್ಡವರು. ರಾಜಮಹಾರಾಜರ ಕತ್ತಿಗಳಿಗಿಂತ ಹೆಣ್ಣುಮಕ್ಕಳ ಕೈಬಳಕೆಯ ಸಾಮಾನು ಮುಖ್ಯ ಎಂದು ಆ ಕಾಲದಲ್ಲೇ ತಿಳಿದವರು. 'ಅಜ್ಞಾತವಾಸಿ' ಎಂಬ ಕಾವ್ಯನಾಮದಲ್ಲಿ ಕವಿತೆಯನ್ನೂ ಬರೆಯುತ್ತಿದ್ದರು. ಅಜ್ಞಾತವಾಸವನ್ನು ಆರಿಸಿಕೊಳ್ಳುವ ಅವಕಾಶ ಅವರಿಗಿತ್ತು, ಆ ವಸ್ತುಗಳನ್ನು ಮಾಡಿದವರಿಗೆ ಅದು ಹೇರಿಕೆ. ಮ್ಯೂಸಿಯಂ ಕಣ್ಣಿನಿಂದ ನೇಕಾರರನ್ನು ನೋಡಲು ಕಲಿತ ಶುದ್ಧಪಂಥದವರಿಗೆ ಇಳಕಲ್ ಎಂದರೆ ದಾಳಿಂಬೆ ಕೆಂಪು, ನವಿಲು ಹಸಿರು, ಅಷ್ಟೇ. ನೇಕಾರನ ಮಗಳು ಬೂದು ಬಣ್ಣದ ಒಡಲು ನೇಯ್ದರೆ ಇವರಿಗೆ ಸಿಟ್ಟು. ಭೌಗೋಳಿಕ ಸೂಚಿಕೆಯ ಪಟ್ಟವೂ ಒಂದು ಮಟ್ಟಿಗೆ ಇದೇ ಕೆಲಸ ಮಾಡುತ್ತದೆ. ಇಳಕಲ್ಲಿಗೆ ಅದು ಸಿಕ್ಕಿದೆ, ಗುಳೇದಗುಡ್ಡದ ಖಣಕ್ಕೂ ಸಿಕ್ಕಿದೆ, ನಕಲಿನ ವಿರುದ್ಧ ಅದೊಂದು ಆಸರೆ, ಸರಿ. ಆದರೆ ಅರ್ಜಿಯಲ್ಲಿ ಬರೆಸಿದ ಲಕ್ಷಣಗಳಾಚೆ ಹೋದರೆ ನೇಕಾರ ತನ್ನ ಊರಿನ ಹೆಸರನ್ನೇ ಕಳೆದುಕೊಳ್ಳುವ ಸ್ಥಿತಿ. ಹೀಗೆ ಒಬ್ಬರು ನೇಕಾರನಿಗೆ 'ನೀನು ಬದಲಾಗಕೂಡದು' ಎನ್ನುತ್ತಾರೆ, ಇನ್ನೊಬ್ಬರು 'ನೀನು ಬದಲಾಗಲಾರೆ, ನಾವು ಬದಲಿಸುತ್ತೇವೆ' ಎನ್ನುತ್ತಾರೆ.

ಪರಂಪರೆಯನ್ನು ಬೇರೆ ಕಣ್ಣಿನಿಂದ ನೋಡುವುದು ಪುಣೆಗೆ ಗೊತ್ತಿಲ್ಲವೆಂದಲ್ಲ. ಧಾರವಾಡ-ಗದಗ-ಬಾಗಲಕೋಟೆ ಸೀಮೆಯಿಂದ ಪುಣೆಗೆ ಬಂದದ್ದು ಮುಖ್ಯವಾಗಿ ಎರಡು: ಹಾಡು ಮತ್ತು ಸೀರೆ. ಗದಗಿನ ಭೀಮಸೇನ ಜೋಶಿ ಇಲ್ಲಿಗೆ ಬಂದು ನೆಲೆಸಿದರು. ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಲ್ಲಿ ಶುರುಮಾಡಿದ ಉತ್ಸವ ಇವತ್ತಿಗೂ ಡಿಸೆಂಬರಿನ ಚಳಿಯಲ್ಲಿ ಪುಣೆಯನ್ನು ಶಾಲು ಹೊದೆಸಿ ಕೂರಿಸುತ್ತದೆ. ಕಿರಾಣಾ ಘರಾಣೆಯೂ ಪರಂಪರೆಯೇ. ಅದೇ ರಾಗ, ಅದೇ ಬಂದಿಶು, ಗುರುವಿನಿಂದ ಶಿಷ್ಯನಿಗೆ. ಭೀಮಸೇನರು ಜೀವಮಾನದಲ್ಲಿ ಎಷ್ಟು ನೂರು ಸಲ ಅವೇ ರಾಗಗಳನ್ನು ಹಾಡಿರಬಹುದು! ಅವರನ್ನು ಯಾರಾದರೂ ಗಂಟಲಿನ ಕುಶಲಕರ್ಮಿ ಎಂದರೇ? ಈ ಸಂಗೀತ ಉಳಿಯಬೇಕಾದರೆ ಹೊರಗಿನ ಒಬ್ಬ ಸಮಕಾಲೀನ ಕಲಾವಿದ ಇವರ ತಾನುಗಳನ್ನು ತುಂಡು ಮಾಡಿ ತನ್ನ ಹೆಸರಿನಲ್ಲಿ ಜೋಡಿಸಬೇಕು ಎಂದರೇ? ಪುನರಾವರ್ತನೆಯೊಳಗೇ ಸೃಷ್ಟಿ ಇದೆ ಎಂಬುದು ಸವಾಯಿ ಗಂಧರ್ವದ ಮಂಟಪದಲ್ಲಿ ಕೂತ ಪ್ರತಿಯೊಬ್ಬ ಪುಣೇಕರನಿಗೂ ಗೊತ್ತು. ಅದೇ ಪುಣೇಕರ ಮರುದಿನ ಗ್ಯಾಲರಿಗೆ ಹೋದಾಗ ಆ ತಿಳಿವಳಿಕೆಯನ್ನು ಚಪ್ಪಲಿಯ ಜೊತೆ ಹೊರಗೆ ಬಿಡುತ್ತಾನೆ. ಇದಕ್ಕೆ ಕಾರಣ ಸೌಂದರ್ಯಮೀಮಾಂಸೆಯಲ್ಲಿ ಇಲ್ಲ. ಜಾತಿಯಲ್ಲಿ, ಕೂಲಿಯಲ್ಲಿ, ನೆಲಕ್ಕೆ ಗುಂಡಿ ತೋಡಿ ಅದರಲ್ಲಿ ಕಾಲಿಳಿಬಿಟ್ಟು ಕೂರುವ ಕೆಲಸದ ಬಗೆಗಿನ ನಮ್ಮ ಹಳೆಯ ತಾತ್ಸಾರದಲ್ಲಿ ಇದೆ.

ಈಗ ಎದುರಾಳಿಯ ಬಲವಾದ ಮಾತಿಗೆ ಬರುತ್ತೇನೆ. 'ಇದೆಲ್ಲ ಸರಿ, ಹೊಟ್ಟೆಪಾಡಿನ ವಿಷಯ ಏನು? ಪವರ್‌ಲೂಮು ನುಂಗಿಹಾಕಿದ ಮಾರುಕಟ್ಟೆಯಲ್ಲಿ ಕಲೆಯ ಬೆಲೆ ಕೊಡುವವರು ನಾವೇ. ನಾವೂ ಇಲ್ಲದಿದ್ದರೆ?' ಪವರ್‌ಲೂಮಿನ ಮಾತು ಸುಳ್ಳಲ್ಲ. ಪಾಲಿಯೆಸ್ಟರ್ ಖಣ ಪುಣೆಯ ತುಳಶೀಬಾಗಿನಲ್ಲಿ ರಾಶಿ ಬಿದ್ದಿರುತ್ತದೆ. ಕೈಮಗ್ಗಕ್ಕೆಂದು 1985ರ ಕಾಯ್ದೆ 22 ಬಗೆಯ ಬಟ್ಟೆ ಮೀಸಲಿಟ್ಟಿತ್ತು. ಆಮೇಲೆ ಅದನ್ನು 11ಕ್ಕೆ ಇಳಿಸಿದರು. 2019-20ರ ನಾಲ್ಕನೆಯ ಕೈಮಗ್ಗ ಗಣತಿ ಹೇಳುವಂತೆ ದೇಶದಲ್ಲಿ 35 ಲಕ್ಷ ಚಿಲ್ಲರೆ ಮಂದಿ ಈ ಕೆಲಸದಲ್ಲಿದ್ದಾರೆ, ಅವರಲ್ಲಿ ಶೇಕಡಾ 70ಕ್ಕೂ ಹೆಚ್ಚು ಹೆಂಗಸರು. ಮೂರರಲ್ಲಿ ಎರಡು ಪಾಲು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. 2020ರ ಜುಲೈನಲ್ಲಿ, ಕೊರೊನಾದ ನಡುವೆ, ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ಕೇಂದ್ರ ಸರ್ಕಾರ ರದ್ದು ಮಾಡಿತು. ಅದಕ್ಕೂ ಮೊದಲು, 2017ರಲ್ಲಿ, ಹೆಗ್ಗೋಡಿನ ರಂಗಕರ್ಮಿ ಪ್ರಸನ್ನ ಕೈಉತ್ಪನ್ನಗಳಿಗೆ ಜಿಎಸ್‌ಟಿ ಬೇಡವೆಂದು ಕರ ನಿರಾಕರಣೆಯ ಸತ್ಯಾಗ್ರಹಕ್ಕೆ ಇಳಿದಿದ್ದರು. ಆಗ ಈ ಪುನರುಜ್ಜೀವಕರಲ್ಲಿ ಎಷ್ಟು ಮಂದಿ ಅವರ ಪಕ್ಕ ಕೂತರು? ನೂಲಿನ ಬೆಲೆ, ತೆರಿಗೆ, ಮೀಸಲಾತಿ ಕಾಯ್ದೆಯ ಉಲ್ಲಂಘನೆ ಈ ಒಣ ವಿಷಯಗಳು ಬಂದಾಗ ಗೋಡೆ ಮೌನವಾಗಿರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಮಲ್ಲಿಗೆ ಮುಡಿಸುವ ಉತ್ಸಾಹ ಮಾತ್ರ ಬತ್ತುವುದಿಲ್ಲ.

ಇನ್ನು ಬೆಲೆ. ಗೋಡೆಗೆ ಏರಿದ ತುಂಡಿನ ಬೆಲೆ ಏರುವುದು ಖಂಡಿತ. ಆದರೆ ಆ ಏರಿಕೆ ಎಲ್ಲಿ ನಿಲ್ಲುತ್ತದೆ? ನೇಕಾರನಿಂದ ಬಟ್ಟೆಯನ್ನು ಗಜದ ಲೆಕ್ಕದಲ್ಲಿ ಕೊಳ್ಳುತ್ತಾರೆ, ಕೃತಿಯನ್ನು ಸಹಿಯ ಲೆಕ್ಕದಲ್ಲಿ ಮಾರುತ್ತಾರೆ. ನಮ್ಮ ಕಾನೂನೂ ಇದಕ್ಕೆ ಒತ್ತಾಸೆ. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ, ಶಿಲ್ಪಗಳು ಮರುಮಾರಾಟವಾದರೆ ಬಂದ ಹಣದಲ್ಲಿ ಮೂಲ ಕಲಾವಿದರಿಗೆ ಪಾಲು ಕೇಳುವ ಹಕ್ಕಿದೆ. ಅದೇ ಕಾಯ್ದೆಯ 15ನೆಯ ಕಲಮು ಇನ್ನೊಂದು ಮಾತು ಹೇಳುತ್ತದೆ: ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ಒಂದು ರಚನೆ, ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತಯಾರಾದರೆ, ಅದರ ಕೃತಿಸ್ವಾಮ್ಯ ಮುಗಿಯಿತು. ಕೈಮಗ್ಗ ಈ 'ಕೈಗಾರಿಕಾ ವಿಧಾನ'ದೊಳಗೆ ಬರುತ್ತದೋ ಇಲ್ಲವೋ ಎಂಬುದನ್ನು ವಕೀಲರು ವಾದಿಸಿಕೊಳ್ಳಲಿ. ನನಗೆ ಕಾಣುವುದು ಕಾಯ್ದೆಯ ಹಿಂದಿನ ಮನಸ್ಸು. ಸೀಮಿತ ಆವೃತ್ತಿಯ ಉಡುಪು ಮಾಡುವ ಹೆಸರಾಂತ ಡಿಸೈನರ್‌ಗೆ 2008ರಲ್ಲಿ ದೆಹಲಿ ಹೈಕೋರ್ಟು ಕಲಾಕೃತಿಯ ರಕ್ಷಣೆ ಒಪ್ಪಿತು. ಅವರ ಪ್ರತಿಗಳು ಆ ಮಿತಿಯೊಳಗಿದ್ದವು. ಜೀವನೋಪಾಯಕ್ಕೆ ನೇಯುವವನ ಪ್ರತಿಗಳು ಮಿತಿಯೊಳಗೆ ಇರುವುದು ಹೇಗೆ? ಹೊಸ ಹೂವೊಂದನ್ನು ಕಂಡುಹಿಡಿದ ಖಣದ ನೇಕಾರ ಅದು ಓಡಿದಷ್ಟೂ ಕಲಾವಿದನಲ್ಲದವನಾಗುತ್ತ ಹೋಗುತ್ತಾನೆ.

ಕಲಾವಿದರೂ ನೇಕಾರರೂ ಒಟ್ಟಿಗೆ ಸೇರಲೇಬಾರದು ಎಂದು ನಾನು ಹೇಳುತ್ತಿಲ್ಲ. ಸೇರಿದ ಒಳ್ಳೆಯ ನಿದರ್ಶನಗಳಿವೆ, ಮತ್ತು ಅವು ಇಂದಿನ ಮಾದರಿಗಿಂತ ಬೇರೆ. 1956ರಿಂದ ಪುಪುಲ್ ಜಯಕರ್ ಅವರ ಮುತುವರ್ಜಿಯಲ್ಲಿ ಸರ್ಕಾರ ನೇಕಾರರ ಸೇವಾ ಕೇಂದ್ರಗಳನ್ನು ತೆರೆಯಿತು. ಕೆ.ಜಿ. ಸುಬ್ರಮಣ್ಯನ್ ಮುಂಬಯಿಯಲ್ಲಿ ಕೈಮಗ್ಗ ಮಂಡಳಿಗೆ ಕೆಲಸ ಮಾಡಿದರು. ಪ್ರಭಾಕರ ಬರ್ವೆ ವಾರಾಣಸಿ, ಮುಂಬಯಿಗಳ ಕೇಂದ್ರಗಳಲ್ಲಿ ಸಂಬಳಕ್ಕೆ ದುಡಿದರು. ಇವರು ನೇಕಾರರಿಗೆ ನಕ್ಷೆ ಕೊಟ್ಟರು. ನಕ್ಷೆಯ ಹಕ್ಕು ತಮ್ಮದೆನ್ನಲಿಲ್ಲ. ಅಲ್ಲಿ ಕಲಿತದ್ದನ್ನು ತಮ್ಮ ಕ್ಯಾನ್ವಾಸಿಗೆ ಒಯ್ದರು. ಮುಂಬಯಿಯ ಮೋನಿಕಾ ಕೊರಿಯಾ ತಾವೇ ಮಗ್ಗಕ್ಕೆ ಕೂತು ನೇಯ್ದು ಹೆಸರಾದವರು. ಅವರ ಬೆರಳಿಗೂ ಹಾಸಿನ ಬಿಗಿ ಗೊತ್ತು. ಅಂಥವರ ಸಹಿಗೆ ಅರ್ಥವಿದೆ. ಜರ್ಮನಿಯಿಂದ ಅಮೆರಿಕೆಗೆ ಹೋದ ಆನಿ ಆಲ್ಬರ್ಸ್ ನೇಯ್ಗೆಯ ಮೇಲಿನ ತಮ್ಮ 1965ರ ಪುಸ್ತಕವನ್ನು ಪ್ರಾಚೀನ ಪೆರುವಿನ ನೇಕಾರರನ್ನು ಗುರುಗಳೆಂದು ಕರೆದು ಅವರಿಗೆ ಅರ್ಪಿಸಿದ್ದಾರೆ. ಗುರು ಎಂದರೆ ಗುರು. ಅವರು ಆಲ್ಬರ್ಸ್‌ಗೆ ಮಾಧ್ಯಮವಾಗಿರಲಿಲ್ಲ. ಇನ್ನೊಂದು ಬಗೆಯೂ ಇದೆ. ಅಮೆರಿಕದ ಶೀಲಾ ಹಿಕ್ಸ್ 1966ರಲ್ಲಿ ಕೋಳಿಕ್ಕೋಡಿನ ಕಾಮನ್‌ವೆಲ್ತ್ ಟ್ರಸ್ಟಿನ ಕೈಮಗ್ಗಗಳಲ್ಲಿ ಮಾಡಿಸಿದ ಬಟ್ಟೆಗಳಲ್ಲಿ ಒಂದಕ್ಕೆ 'ಬಡಗರ' ಎಂದು ಹೆಸರಿಟ್ಟರು, ನಮ್ಮ ಪಕ್ಕದ ವಡಕರ. ಊರಿನ ಹೆಸರಷ್ಟೇ ಕಲಾಚರಿತ್ರೆಗೆ ಸೇರಿತು.

2025ರ ಜೂನಿನಲ್ಲಿ ಮಿಲಾನಿನ ಫ್ಯಾಷನ್ ವೇದಿಕೆಯ ಮೇಲೆ ಪ್ರಾಡಾ ಕಂಪನಿಯ ಚಪ್ಪಲಿಗಳು ಕಾಣಿಸಿಕೊಂಡಾಗ ಮಹಾರಾಷ್ಟ್ರವಿಡೀ ಕೆರಳಿತು. ಕೊಲ್ಹಾಪುರಿ ಚಪ್ಪಲಿಯನ್ನು ಹೆಸರೂ ಹೇಳದೆ ಎತ್ತಿಕೊಂಡರು ಎಂದು ಪುಣೆಯ ಪತ್ರಿಕೆಗಳು ಬರೆದವು, ವಿಷಯ ಬಾಂಬೆ ಹೈಕೋರ್ಟಿನವರೆಗೂ ಹೋಯಿತು. ಆ ಸಿಟ್ಟು ನ್ಯಾಯವಾದದ್ದು. 2019ರಲ್ಲಿ ದಕ್ಕಿದ ಆ ಚಪ್ಪಲಿಯ ಭೌಗೋಳಿಕ ಸೂಚಿಕೆಯಲ್ಲಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಪಾಲಿದೆ ಎಂಬುದನ್ನು ಆ ಗದ್ದಲದಲ್ಲಿ ಹೆಚ್ಚು ಜನ ನೆನೆಯಲಿಲ್ಲ, ಹೋಗಲಿ. ನನ್ನ ಪ್ರಶ್ನೆ ಬೇರೆ. ಮಿಲಾನ್ ಕೊಲ್ಹಾಪುರಕ್ಕೆ ಮಾಡಿದ್ದನ್ನು ಪುಣೆ ಗುಳೇದಗುಡ್ಡಕ್ಕೆ ಮಾಡುತ್ತಿಲ್ಲವೇ? ಮಾಡಿದವರ ಹೆಸರಿಲ್ಲದೆ, ಅವರನ್ನು ಕೇಳದೆ, ಅವರ ವಿನ್ಯಾಸವನ್ನು ತುಂಡರಿಸಿ ತನ್ನ ಸಹಿ ಹಾಕುವುದು ಸಮುದ್ರದಾಚೆ ನಡೆದರೆ ಕಳವು, ಕೃಷ್ಣೆಯ ಆಚೆ-ಈಚೆ ನಡೆದರೆ ಪುನರುಜ್ಜೀವನವೇ? ಗ್ವಾಟೆಮಾಲಾದ ಮಾಯಾ ನೇಕಾರ್ತಿಯರು ತಮ್ಮ ನೇಯ್ಗೆ ವಿನ್ಯಾಸಗಳು ಸಮುದಾಯದ ಸ್ವತ್ತು ಎಂದು 2016ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅವರ ತಕರಾರು ಹೊರದೇಶದವರ ಮೇಲೆ ಮಾತ್ರ ಇರಲಿಲ್ಲ, ತಮ್ಮದೇ ದೇಶದ ಡಿಸೈನರುಗಳ ಮೇಲೂ ಇತ್ತು.

ಕೊನೆಗೆ ಇಡೀ ಜಗಳ ಒಂದು ಕಡೆಗೆ ಬಂದು ನಿಲ್ಲುತ್ತದೆ, ಮತ್ತು ಅದನ್ನು ಯಾವ ಉದ್ಘಾಟನಾ ಭಾಷಣದಲ್ಲೂ ನಾನು ಕೇಳಿಲ್ಲ. ಕಲಾವಿದರು ಪ್ರಯೋಗ ಮಾಡುತ್ತಾರೆ, ನೇಕಾರ ಮಾಡುವುದಿಲ್ಲ ಎನ್ನುತ್ತಾರಲ್ಲ, ಪ್ರಯೋಗಕ್ಕೆ ಬೇಕಾದ್ದು ಏನು? ಕಲ್ಪನೆ ಬೇಕು, ಅದಿದೆ. ಕೌಶಲ ಬೇಕು, ಅದೂ ಇದೆ. ಮೂರನೆಯದು, ಕೆಟ್ಟರೆ ತಡೆದುಕೊಳ್ಳುವ ತಾಕತ್ತು. ನಮ್ಮ ಕಡೆಯ ಬಹುಪಾಲು ನೇಕಾರರು ಸಾವುಕಾರನಿಂದ ನೂಲು ತಂದು, ನೇಯ್ದು ಕೊಟ್ಟು, ಸೀರೆಗಿಷ್ಟು ಎಂದು ಕೂಲಿ ತೆಗೆದುಕೊಳ್ಳುವವರು. ಮುಂಗಡ ಸಾಲವೂ ಅವನ ಹತ್ತಿರವೇ. ಮಗ್ಗದ ಮೇಲಿರುವ ಹಾಸು ಅವರದ್ದಲ್ಲ. ಹೊಸ ಬಣ್ಣದ ಜೋಡಿ ಒಂದು ಹೊಳೆದು, ಅದನ್ನು ಹಾಸಿಗೆ ಇಳಿಸಿ, ಅದು ಚೆನ್ನಾಗಿ ಬರಲಿಲ್ಲ ಅನ್ನಿ: ನೂಲಿನ ದುಡ್ಡು ಕೂಲಿಯಲ್ಲಿ ವಜಾ, ಅಷ್ಟು ದಿನದ ದುಡಿಮೆ ಮಣ್ಣುಪಾಲು, ಕಂಡಿಕೆ ಸುತ್ತಿದ ಹೆಂಡತಿಯ ಶ್ರಮಕ್ಕಂತೂ ಮೊದಲೇ ಲೆಕ್ಕವಿಲ್ಲ. ಇದು ಇಳಕಲ್ಲಿನಲ್ಲಿ ಇನ್ನೂ ದುಬಾರಿ, ಒಂದೊಂದು ಸೀರೆಗೂ ಬೇರೆ ಹಾಸು ತಾನೇ. ಅದೇ ಕೆಟ್ಟ ಹಾಸು ಕಲಾವಿದರ ಸ್ಟುಡಿಯೊದಲ್ಲಿ ಇದ್ದಿದ್ದರೆ? ಅದಕ್ಕೊಂದು ಚೌಕಟ್ಟು ಹಾಕಿ 'ಪ್ರಕ್ರಿಯೆ' ಎಂದು ತೂಗುಹಾಕುತ್ತಿದ್ದರು. ಫೆಲೋಶಿಪ್ಪು, ರೆಸಿಡೆನ್ಸಿ, ಅನುದಾನ ಎಂದು ಕಲಾಲೋಕದಲ್ಲಿ ಏನೆಲ್ಲ ಇವೆಯೋ ಅವೆಲ್ಲ ಮೂಲತಃ ಕೆಡಿಸಲು ಕೊಡುವ ಹಣ. ಕೆಡಿಸುವ ಸ್ವಾತಂತ್ರ್ಯವನ್ನು ಒಂದು ಕಡೆ ರಾಶಿ ಹಾಕಿ, ಇನ್ನೊಂದು ಕಡೆಯವರಿಗೆ ಒಂದು ಎಳೆಯಷ್ಟೂ ಬಿಡದೆ, ಆಮೇಲೆ 'ಇವರು ಹೊಸದೇನೂ ಮಾಡುವುದಿಲ್ಲ' ಎಂದು ತೀರ್ಪು ಕೊಡುವುದು ಯಾವ ನ್ಯಾಯ?

1905ರ ಅಕ್ಟೋಬರಿನಲ್ಲಿ ಪರದೇಶಿ ಬಟ್ಟೆಯ ಹೋಳಿ ಸುಟ್ಟ ಊರು ಇದು. ಬಟ್ಟೆ ಎಂಬುದು ಹಣದ, ಅಧಿಕಾರದ ಪ್ರಶ್ನೆ ಎಂದು ಪುಣೆಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಇಲ್ಲಿಯ ಗ್ಯಾಲರಿಗಳಿಗೆ, ಕಲಾ ಪ್ರತಿಷ್ಠಾನಗಳಿಗೆ, ಡಿಸೈನ್ ಕಾಲೇಜುಗಳಿಗೆ ಸೀದಾ ಹೇಳುವುದಿಷ್ಟು. ಚೀಟಿಯ ಮೇಲೆ ನೇಯ್ದವರ ಹೆಸರು ಬರೆಯಿರಿ. ಒಬ್ಬರಲ್ಲ, ಬಣ್ಣ ಹಾಕಿದವರು, ಹಾಸು ಹೂಡಿದವರು, ಸೆರಗು ಕೂಡಿಸಿದವರು ಎಲ್ಲರದ್ದೂ. ಕೃತಿ ಮಾರಾಟವಾದರೆ ಪಾಲು ಇಷ್ಟು ಎಂದು ಮೊದಲೇ ಬರೆದುಕೊಡಿ. ಇಷ್ಟು ಮಾಡಿದರೆ ನಿಮ್ಮ ಹಳೆಯ ಸಾಲ ತೀರುತ್ತದೆ. ಆಮೇಲೆ, ನಿಜಕ್ಕೂ ಸಮಕಾಲೀನ ನೇಯ್ಗೆ ನೋಡುವ ಆಸೆ ಇದ್ದರೆ, ಗುಳೇದಗುಡ್ಡದ ಕೆಲವು ಮನೆಗಳಿಗೆ ವರ್ಷಕ್ಕೊಂದು ಹಾಸಿನ ನೂಲು ಮತ್ತು ಅಷ್ಟೂ ದಿನದ ಪೂರ್ತಿ ಕೂಲಿ ಮುಂಗಡ ಕೊಟ್ಟು, ಏನು ಬೇಕಾದರೂ ನೇಯಿರಿ, ಕೆಟ್ಟರೆ ಕೆಡಲಿ ಎಂದು ಹೇಳಿ, ಅಲ್ಲಿಂದ ಎದ್ದು ಬನ್ನಿ. ನಕ್ಷೆ ಒಯ್ಯಬೇಡಿ, ಬಣ್ಣದ ಕಾರ್ಡು ಒಯ್ಯಬೇಡಿ, ಕ್ಯುರೇಟರನ್ನು ಕಳಿಸಬೇಡಿ. ಬರುವ ಬಟ್ಟೆ ನಿಮಗೆ ಹಿಡಿಸದೆ ಹೋಗಬಹುದು. ತೀರ ಗಾಢ ಬಣ್ಣದ, ನಿಮ್ಮ ಕಣ್ಣಿಗೆ ಗಾವಟಿ ಎನಿಸುವ ಏನನ್ನೋ ಅವರು ನೇಯಬಹುದು, ದುಡ್ಡು ಇಸಕೊಂಡು ಹಳೆಯ ಆನೆ ಹೆಜ್ಜೆಯನ್ನೇ ಮತ್ತೊಮ್ಮೆ ನೇಯಬಹುದು. ಆಗಲೂ ಮುಂದಿನ ವರ್ಷದ ನೂಲು ಕಳಿಸುತ್ತೀರಾ?